ಎರಡು ಜಾಗವೋ, ನಾಲ್ಕು ಜಾಗವೋ

ಭಾವ: ನನ್ನ ಪಟ್ಟಿ ಮುಟ್ಬೇಡ ಅಂತ ನಿನಗೆ ಇನ್ನೂ ಹೇಗೆ ಹೇಳ್ಬೇಕೋ?

ತಮ್ಮ: ನಾನೆಲ್ಲಿ ಮುಟ್ಟಿದೆ ಭಾವ? ಸೇವ್ ಒತ್ತಿದೆ. ಅಷ್ಟೆ.

ಭಾವ: ಅಷ್ಟೆ ಅಂತೆ! ಮನೆಗೆ ಬೆಂಕಿ ಹಚ್ಚಿ, ಕಡ್ಡಿ ಗೀರಿದೆ ಅಷ್ಟೆ ಅಂದ ಹಾಗಾಯ್ತು.

ತಮ್ಮ: ಬೆಂಕಿ ಅಲ್ಲ, ಪೊರಕೆ ಅನ್ನಿ. ನೀವು ಹರಡಿಟ್ಟಿದ್ದನ್ನ ಕಂಪ್ಯೂಟರಿನ ಎಡಿಟರ್ ಗುಡಿಸಿ ಓರಣ ಮಾಡಿದೆ.

ಭಾವ: ಹರಡಿಟ್ಟಿದ್ದಾ? ನಲವತ್ತೆರಡು ಬಸ್ಸು, ಬಸ್ಸಿಗೆ ಹನ್ನೆರಡು ಟೈಮು. ನಲವತ್ತೆರಡೇ ಸಾಲಲ್ಲಿ ಒಂದರ ಕೆಳಗೊಂದು ದಾರ ಹಿಡಿದ ಹಾಗೆ ನಿಲ್ಲಿಸಿದ್ದೆ ಕಣೋ. ಈಗ ನೋಡು, ಒಂದೊಂದು ಟೈಮಿಗೂ ಒಂದೊಂದು ಸಾಲು. ಐನೂರ ನಾಲ್ಕು ಸಾಲು! ಉರುಳಿಸಿ ಉರುಳಿಸಿ ಬೆರಳು ಸವೀತು.

ತಮ್ಮ: ನಿಯಮ ಅಂದ್ರೆ ನಿಯಮ ಭಾವ. ಸಾಲು ಎಂಬತ್ತು ಅಕ್ಷರ ದಾಟಬಾರದು.

ಭಾವ: ಯಾರು ಮಾಡಿದ ನಿಯಮ?

ತಮ್ಮ: ಎಡಿಟರ್ ಮಾಡಿದ್ದು.

ಭಾವ: ನಾನು ಎಡಿಟರ್ ಇಟ್ಕೊಂಡಿರೋದು ಬರೆಯೋಕೆ. ನನಗೆ ಬುದ್ಧಿ ಹೇಳೋಕೆ ಮನೇಲಿ ಆಗಲೇ ಒಬ್ಬರು ಇದಾರೆ.

ಆ ಒಬ್ಬರು ಮೂರನೇ ಮೇಜಿನಿಂದ ತಲೆಯೆತ್ತಿ ನೋಡಿದರು. ಭಾವ ತಕ್ಷಣ ಕೀಬೋರ್ಡಿನ ಧೂಳು ಊದತೊಡಗಿದರು.

ನಲ್ಲಿ, ಪೈಪು ಮಾರುವ ಅಂಗಡಿಯ ಮೇಲಿನ ಒಂದೇ ಕೋಣೆ ಇವರ ಆಫೀಸು. ಎರಡು ಮೇಜು ಮುಖಾಮುಖಿ, ಮೂರನೆಯದು ಅಡ್ಡ. ಅಡ್ಡ ಮೇಜಿನದು ಅಕ್ಕ. ಈ ಪುಟ್ಟ ಕಂಪನಿಯ ಒಡತಿ. ಎಡಗಡೆ ಅವಳ ಗಂಡ, ಬಲಗಡೆ ಅವಳ ತಮ್ಮ. ತಮ್ಮ ಬಂದು ಸೇರಿದ ದಿನದಿಂದ ಅವನು ಕರೆದಂತೆಯೇ ಎಲ್ಲರೂ ಗಂಡನನ್ನು ಭಾವ ಎನ್ನತೊಡಗಿದ್ದರು. ಕೆಳಗಿನ ನಲ್ಲಿ ಅಂಗಡಿಯವನಿಗೂ ಆತ ಭಾವನೇ. ಊರಿನ ಬಸ್ ನಿಲ್ದಾಣದ ಬೋರ್ಡುಗಳಲ್ಲಿ ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆಂದು ಮೂಡಿಸುವ ಪ್ರೋಗ್ರಾಂ ಇವರದ್ದು. ಕಂಪನಿಗೆ ಸದ್ಯಕ್ಕೆ ಇದ್ದ ಕೆಲಸವೂ ಅದೊಂದೇ.

ಭಾವ ಮೊದಲು ಹದಿನೆಂಟು ವರ್ಷ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿದವರು. ಅಂಕಿಯ ಕೆಳಗೆ ಅಂಕಿ ನೆಟ್ಟಗೆ ಕೂರದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ತಮ್ಮ ಬಂದದ್ದು ಮುನ್ನೂರು ಜನರ ದೊಡ್ಡ ಆಫೀಸಿನಿಂದ. ಅಲ್ಲಿ ಸೇವ್ ಒತ್ತಿದೊಡನೆ ಎಡಿಟರೇ, ಅಂದರೆ ಪ್ರೋಗ್ರಾಂ ಬರೆಯುವ ತಂತ್ರಾಂಶವೇ, ಇಡೀ ಬರಹವನ್ನು ತನ್ನ ನಿಯಮದಂತೆ ಮುರಿದು, ಜೋಡಿಸಿ, ಸಾಲಿನ ತಲೆಗೆ ಇಷ್ಟೇ ಖಾಲಿ ಜಾಗವೆಂದು ಅಳೆದು ಕೂರಿಸುತ್ತಿತ್ತು. ಮನುಷ್ಯ ಕೈಯಾರೆ ಜಾಗ ಬಿಡುವುದು ಅಲ್ಲಿ ಉಗುರು ಕಚ್ಚುವಷ್ಟೇ ಅಸಹ್ಯ. ಅವನ ಪ್ರಕಾರ ಸಾಲಿನ ತಲೆಗೆ ಎರಡು ಜಾಗ. ಭಾವನ ಪ್ರಕಾರ ನಾಲ್ಕು. ಒಂಬತ್ತು ದಿನದಿಂದ ಮನೆಯಲ್ಲೂ ಆಫೀಸಿನಲ್ಲೂ ಬೇರೆ ಮಾತಿಲ್ಲ.

ಅಕ್ಕ: ರೀ, ಅದನ್ನ ಆಫ್ ಮಾಡಿ ಅಂತ ಸೋಮವಾರವೇ ಹೇಳಿದ್ನಲ್ಲ?

ಭಾವ: ಮಾಡಿದೆ. ನನ್ನ ಎಡಿಟರಲ್ಲಿ ಸೋಮವಾರವೇ ಆಫ್ ಮಾಡಿದೆ.

ಅಕ್ಕ: ಮತ್ತೆ?

ಭಾವ: ಮಂಗಳವಾರ ನಿನ್ನ ತಮ್ಮ ಪ್ರಾಜೆಕ್ಟಿನ ಒಳಗೇ ಒಂದು ಸೆಟಿಂಗು ತುರುಕಿದ. ಅದು ಇದ್ರೆ ನಂದು ನಡೆಯಲ್ವಂತೆ. ನನ್ನ ಕಂಪ್ಯೂಟರು, ನನ್ನ ಎಡಿಟರು, ಆದ್ರೆ ಮಾತು ಕೇಳೋದು ಅವನದು!

ತಮ್ಮ: ಎಲ್ಲರಿಗೂ ಒಂದೇ ಸೆಟಿಂಗು ಇರ್ಲಿ ಅಂತ ಹಾಕಿದೆ ಅಕ್ಕ. ಬುಧವಾರ ಬಂದು ನೋಡಿದ್ರೆ ಅದು ಮಾಯ.

ಭಾವ: ಕಸ ಅಂದ್ಕೊಂಡು ಬಿಸಾಕಿದೆ. ಗುಡಿಸೋದು ನೀನೊಬ್ಬನೇನಾ?

ತಮ್ಮ: ಅದಕ್ಕೇ ಗುರುವಾರ ಪ್ರಾಜೆಕ್ಟಿನ ಬಾಗಿಲಲ್ಲೇ ಕಾವಲು ಹಾಕಿದೆ. ಓರಣ ಇಲ್ಲದ ಫೈಲು ಒಳಗೆ ಕಳಿಸಿದ್ರೆ ಕಾವಲು ವಾಪಸ್ ಎಸೆಯುತ್ತೆ.

ಭಾವ: ನನ್ನ ಮೂವತ್ತೊಂದು ಫೈಲು ಎಸೀತು! ಮುದ್ರಣಾಲಯದ ಯಜಮಾನ ಕೂಡ ನನ್ನ ಒಂದು ಹಾಳೆ ಮುಖಕ್ಕೆ ಎಸೆದವನಲ್ಲ.

ತಮ್ಮ: ಅಕ್ಕ, ಆಮೇಲೆ ಇವರೇನು ಮಾಡಿದ್ರು ಕೇಳು. ಪ್ರತಿ ಫೈಲಿನ ನೆತ್ತಿ ಮೇಲೆ ‘ಓರಣಕಾರನೇ, ಮುಟ್ಟಬೇಡ’ ಅನ್ನೋ ಗುರುತು ಅಂಟಿಸಿದಾರೆ. ಪ್ರತಿ ಫೈಲಿಗೂ! ಇವತ್ತು ಕೂತು ಎಲ್ಲ ಕಿತ್ತೆ. ಒಳಗೆ ಏನೂ ಬರೀದಿರೋ ಫೈಲಿಗೂ ಅಂಟಿಸಿದಾರೆ!

ಭಾವ: ಮುಂದೆ ಬರೀತೀನಲ್ಲ. ಮೊದಲೇ ಬೇಲಿ ಹಾಕಿದೆ.

ಅಕ್ಕ ಹಣೆ ಒತ್ತಿಕೊಂಡಳು. ಮನೆಯಲ್ಲಿ ಒಗೆದ ಬಟ್ಟೆ ಕುರ್ಚಿಯ ಮೇಲೆ ಗುಡ್ಡವಾಗಿದ್ದರೆ ಗುಡ್ಡದ ಮೇಲೇ ಕೂತು ಪೇಪರ್ ಓದುವ ಗಂಡ, ಮೂರು ದಿನ ಒಂದೇ ಕಾಲುಚೀಲ ಹಾಕುವ ತಮ್ಮ. ಇವರಿಬ್ಬರೂ ಓರಣಕ್ಕಾಗಿ ಪ್ರಾಣ ಬಿಡಲು ನಿಂತಿದ್ದರು.

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಬಸ್ ಡಿಪೋದ ಟೈಂಕೀಪರ್. ನಿಲ್ದಾಣದ ಮೂಲೆಯ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂತು, ಸೀಟಿ ಊದಿ ಬಸ್ಸುಗಳನ್ನು ಹೊರಡಿಸುವ ಹೆಂಗಸು. ಸೀಟಿ ಇಲ್ಲದಾಗಲೂ ಅದೇ ದನಿ; ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದರೂ ಕೋಣೆಗೆಲ್ಲ ಕೇಳಿಸಿತು.

“ಇಲ್ಲದ ಬಸ್ಸನ್ನ ಬೋರ್ಡಲ್ಲಿ ಹಾಕಿದೀರಲ್ಲಮ್ಮ! ಮೂರು ದಿನದಿಂದ ಬೆಳಗ್ಗೆ ಏಳೂ ಐದಕ್ಕೆ ಹದಿನಾಲ್ಕನೇ ನಂಬರು ಅಂತ ತೋರಿಸ್ತಿದೆ. ಆ ಹೊತ್ತಿಗೆ ಅಂಥ ಬಸ್ಸೇ ಇಲ್ಲ! ನಾನೇ ಅಲ್ಲಿಗೆ ಬರ್ತಿದೀನಿ. ಮೂರು ಗಂಟೆ ಒಳಗೆ ಸರಿಯಾಗದಿದ್ರೆ ನಿಮ್ಮ ಬೋರ್ಡು ಆರಿಸಿ, ನಾನು ಹಳೇ ಕರಿಹಲಗೆ, ಸೀಮೆಸುಣ್ಣಕ್ಕೇ ಹೋಗೋಳು. ಮೇಲಿನವರನ್ನ ಕೇಳಿದ್ದಾಗಿದೆ, ಹೂಂ ಅಂದಿದಾರೆ.”

ಗೋಡೆ ಗಡಿಯಾರದಲ್ಲಿ ಒಂದೂವರೆ.

ಅಕ್ಕ: ಹದಿನಾಲ್ಕನೇ ನಂಬರಿನ ಟೈಮು ಯಾರು ಬದಲಾಯಿಸಿದ್ದು?

ಭಾವ: ನಾನು ಬರೀ ಜಾಗ ಸರಿ ಮಾಡಿದೆ.

ತಮ್ಮ: ನಾನು ಬರೀ ಸೇವ್ ಒತ್ತಿದೆ.

ಅಕ್ಕ: ಬಸ್ಸೇ ತಾನಾಗಿ ಬೋರ್ಡು ಹತ್ತಿ ಕೂತ್ಕೊಂತಾ ಹಾಗಾದ್ರೆ?

ಯಾರು, ಯಾವತ್ತು, ಏನು ಬದಲಿಸಿದರೆಂಬ ದಾಖಲೆಯನ್ನು ಅವಳು ತೆರೆದಳು. ಒಂಬತ್ತು ದಿನದಲ್ಲಿ ಹತ್ತೊಂಬತ್ತು ಸಾವಿರ ಸಾಲು ಬದಲಾಗಿತ್ತು. ಭಾವ ನಾಲ್ಕು ಜಾಗ ಬಿಟ್ಟದ್ದು, ತಮ್ಮ ಸೇವ್ ಒತ್ತಿದಾಗ ಅದು ಎರಡಾದದ್ದು, ಮತ್ತೆ ನಾಲ್ಕು, ಮತ್ತೆ ಎರಡು. ಸೇರಿಸಿದ್ದು ಹಸಿರು ಸಾಲು, ಅಳಿಸಿದ್ದು ಕೆಂಪು ಸಾಲು, ಹಸಿರು, ಕೆಂಪು. ಇದರೊಳಗೆ ಎಲ್ಲೋ ಒಂದು ಅಂಕಿ ಬದಲಾಗಿತ್ತು. ಹುಡುಕುತ್ತಾ ಹೋದಂತೆ ಅವಳ ಕಣ್ಣಿಗೆ ಬೇರೊಂದು ಬಿತ್ತು. ಪ್ರತಿ ಬದಲಾವಣೆಯ ಕೆಳಗೂ ಒಂದೇ ಮಾತು: ‘ನೋಡಿದೆ, ಚೆನ್ನಾಗಿದೆ.’ ಬರೆದವಳು ಅವಳೇ. ಯಾರ ಕೆಲಸವೇ ಆದರೂ ಕೊನೆಗೆ ಓದಿ ಒಪ್ಪಿಗೆ ಕೊಡುವವಳು ಅವಳು. ‘ಓದಿ’ ಎನ್ನುವುದು ನಿಯಮದಲ್ಲಷ್ಟೇ ಇತ್ತು.

ಪರದೆಯನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿಕೊಂಡಳು.

ಮುಕ್ಕಾಲು ಗಂಟೆ ಕಳೆದರೂ ಅಂಕಿ ಸಿಕ್ಕಲಿಲ್ಲ. ಟೈಂಕೀಪರ್ ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದಾಗ ಅಕ್ಕ ದಾಖಲೆಯಲ್ಲಿ ಮುಳುಗಿದ್ದಳು. ಬಾಮೈದ, ಭಾವ ಇಬ್ಬರೂ ಬಾಗಿಲಿಗೆ ಬೆನ್ನು ಹಾಕಿ ನಿಂತು, ಅದೇ ಜಗಳದ ಇನ್ನೊಂದು ಸುತ್ತಿನಲ್ಲಿದ್ದರು.

ಭಾವ: ನಾಲ್ಕು ಜಾಗ ಬಿಡ್ಲೇಬೇಕು. ಮುಂದೆ ನಾಲ್ಕು ಜಾಗ ಇದ್ರೇ ಲಕ್ಷಣ.

ತಮ್ಮ: ಎರಡು ಧಾರಾಳ ಸಾಕು. ಮುಂದೆ ನಾಲ್ಕು ಬಿಟ್ರೆ ಹಿಂದಿರೋದೆಲ್ಲ ಹೊರಗೆ ನೇತಾಡುತ್ತೆ.

ಟೈಂಕೀಪರ್: ನೇತಾಡಿದ್ರೆ ನೇತಾಡ್ಲಿ! ಮುಂದಿನ ನಾಲ್ಕು ಜಾಗ ವಯಸ್ಸಾದೋರಿಗೆ ಅಂತ ಬೋರ್ಡೇ ಇದೆಯಲ್ಲಯ್ಯ. ಎರಡು ಮಾಡು ಅಂತ ನಿನಗೆ ಯಾರು ಹೇಳಿದ್ದು?

ಭಾವ: (ತಿರುಗಿ) ಬನ್ನಿ ಬನ್ನಿ ಮೇಡಂ! ಕೇಳಿಸ್ಕೊಂಡ್ಯೇನೋ? ಡಿಪೋನೇ ನನ್ನ ಕಡೆ.

ತಮ್ಮ: ಮೇಡಂ, ಅದು ಹಾಗಲ್ಲ. ಜಾಗ ಉಳಿಸೋದು ಸುಮ್ನೆ ಅಲ್ಲ. ನಮ್ಮಲ್ಲಿ ಎಂಬತ್ತು ದಾಟೋ ಹಾಗಿಲ್ಲ.

ಟೈಂಕೀಪರ್: ಎಂಬತ್ತು ದಾಟಿದ್ರೆ?

ತಮ್ಮ: ದಾಟಿದ್ರೆ ಮುರಿದು ಕೆಳಗೆ ಹಾಕ್ಬಿಡ್ತೀನಿ.

ಟೈಂಕೀಪರ್: ಅಯ್ಯೋ ಪಾಪಿ! ಎಂಬತ್ತು ದಾಟಿದೋರನ್ನ ಮುರಿದು ಕೆಳಗೆ ಹಾಕ್ತೀಯಾ?

ಭಾವ: ದಿನಾ ಇದೇ ಕೆಲಸ ಮೇಡಂ ಇವನದು. ಸಾಲದ್ದಕ್ಕೆ ಕೊನೇಲಿ ಒಂದೊಂದಕ್ಕೂ ಕಾಮಾ ಬೇರೆ.

ಟೈಂಕೀಪರ್: ಕೋಮಾಗೂ ಕಳಿಸ್ತಾನಾ!

ತಮ್ಮ: ಕೋಮಾ ಅಲ್ಲ ಮೇಡಂ, ಕಾಮಾ! ನಾನೇನೂ ಕೈಯಾರೆ ಮಾಡಲ್ಲ. ಅದು ತಂತಾನೇ ಆಗುತ್ತೆ.

ಟೈಂಕೀಪರ್: ಹೌದಪ್ಪ, ಎಲ್ಲರೂ ಸಿಕ್ಕಿಬಿದ್ದಾಗ ಹೇಳೋದು ಅದನ್ನೇ.

ಅಕ್ಕ ಎದ್ದು ಬಂದು, ಟೈಂಕೀಪರನ್ನು ತನ್ನ ಕುರ್ಚಿಯಲ್ಲೇ ಕೂರಿಸಿ, ಒಂದು ಲೋಟ ನೀರು ಕೊಟ್ಟಳು. ಅವರಿಬ್ಬರು ಹೇಳುತ್ತಿರುವುದು ಬಸ್ಸಿನ ಸೀಟಿನ ಮಾತಲ್ಲ, ಪ್ರೋಗ್ರಾಮಿನ ಸಾಲಿನ ಮಾತೆಂದು ಬಿಡಿಸಿ ಹೇಳಿದಳು. ಸಾಲಿನ ಮುಂದಿನ ಖಾಲಿ ಜಾಗ. ಸಾಲಿನಲ್ಲಿ ಎಂಬತ್ತು ಅಕ್ಷರ. ಸಾಲಿನ ಕೊನೆಗೊಂದು ಅಲ್ಪವಿರಾಮ. ಟೈಂಕೀಪರ್ ಅರ್ಧ ನೀರು ಕುಡಿದು ಲೋಟ ಕೆಳಗಿಟ್ಟಳು.

ಟೈಂಕೀಪರ್: ಖಾಲಿ ಜಾಗಕ್ಕಾ ಜಗಳ?

ಅಕ್ಕ: ಹೂಂ.

ಟೈಂಕೀಪರ್: ಏನೂ ಬರೀದೇ ಇರೋ ಜಾಗಕ್ಕೆ?

ಅಕ್ಕ: ಒಂಬತ್ತು ದಿನದಿಂದ.

ಟೈಂಕೀಪರ್: ಬರೆದಿರೋದನ್ನ ಯಾರು ನೋಡ್ಕೊಳ್ತಿದಾರೆ?

ಅಕ್ಕ ಕಿಟಕಿಯ ಕಡೆ ನೋಡಿದಳು.

ಟೈಂಕೀಪರ್: ನನ್ನ ಪಾಡು ಕೇಳಿ. ಬೆಳಗ್ಗೆ ಏಳೂ ಐದಕ್ಕೆ ನಲವತ್ತಾರು ಜನ ಸಾಲಾಗಿ ನಿಂತ್ಕೋತಾರೆ. ಬಸ್ಸು ಇಲ್ರಪ್ಪ ಅಂತ ನಾನು ಸೀಟಿ ಊದಿ ಊದಿ ಹೇಳಿದ್ರೆ, ಬೋರ್ಡಲ್ಲಿ ಇದೆಯಲ್ಲ ಅಂತಾರೆ. ನಾನು ಇಪ್ಪತ್ತಾರು ವರ್ಷದಿಂದ ಅಲ್ಲೇ ಕೂತಿದೀನಿ, ನನ್ನ ಮಾತು ನಂಬಲ್ಲ. ಮೊನ್ನೆ ನೇತುಹಾಕಿದ ಬೋರ್ಡನ್ನ ನಂಬ್ತಾರೆ! ಇವತ್ತು ಒಬ್ಬರು, ‘ನಿಮಗೆ ಗೊತ್ತಿಲ್ಲದೆ ಹೊಸ ಬಸ್ಸು ಬಿಟ್ಟಿರಬೇಕು’ ಅಂತ ನನಗೇ ಸಮಾಧಾನ ಹೇಳಿದ್ರು.

ತಮ್ಮ: ಏಳೂ ಐದು ಅಂತ ತೋರಿಸೋ ಹದಿನಾಲ್ಕನೇ ನಂಬರು ನಿಜವಾಗಿ ಹೊರಡೋದು ಎಷ್ಟೊತ್ತಿಗೆ ಮೇಡಂ?

ಟೈಂಕೀಪರ್: ಸಾಯಂಕಾಲ. ನಮ್ಮ ಲೆಕ್ಕದಲ್ಲಿ ಹದಿನೇಳು ಗಂಟೆ ಐದು ನಿಮಿಷ. ಅದು ಬೋರ್ಡಲ್ಲೇ ಇಲ್ಲ, ಅದಕ್ಕೇ ಒಬ್ಬರೂ ಹತ್ತಲ್ಲ. ಆ ಟ್ರಿಪ್ಪು ಮೂರು ದಿನದಿಂದ ಖಾಲಿ ಓಡ್ತಿದೆ. ಡ್ರೈವರು ಮಾತ್ರ ಬಂದು ನನಗೆ ಕೈ ಮುಗಿದ. ಇಂಥ ನೆಮ್ಮದಿ ಜನ್ಮದಲ್ಲೇ ಕಂಡಿಲ್ವಂತೆ.

ತಮ್ಮನ ಬೆರಳು ಟಕಟಕನೆ ಓಡಿತು.

ತಮ್ಮ: ಸಿಕ್ತು. ಹದಿನೇಳು ಐದು ಇರ್ಬೇಕಾದ ಕಡೆ ಬರೀ ಏಳು ಐದು ಇದೆ. ಇಗೋ, ಹದಿನೇಳು ಮಾಡಿದೆ. ಮುಗೀತು ಮೇಡಂ. ಅರ್ಧ ನಿಮಿಷದ ಕೆಲಸ.

ಟೈಂಕೀಪರ್: ಮುಗೀತಾ? ಇದೊಂದೇ ತಪ್ಪು ಇರೋದು ಅಂತ ಬರ್ಕೊಡ್ತೀಯಾ?

ತಮ್ಮ ಕೀಬೋರ್ಡಿನಿಂದ ಕೈ ತೆಗೆದ.

ಟೈಂಕೀಪರ್: ಮೂರು ಗಂಟೆಗೆ ನಾನು ಮೇಲಿನವರಿಗೆ ಹೇಳ್ಬೇಕು, ಎಲ್ಲ ಟೈಮೂ ಕಣ್ಣಾರೆ ನೋಡಿದೀನಿ, ಸರಿಯಾಗಿದೆ ಅಂತ. ತೋರಿಸಿ ನಿಮ್ಮ ಪಟ್ಟಿ. ಈ ಬಸ್ಸುಗಳ ಟೈಮು ನನಗೆ ಬಾಯಿಪಾಠ.

ತಮ್ಮ ತನ್ನ ಪರದೆಯನ್ನು ಅವಳ ಕಡೆ ತಿರುಗಿಸಿದ. ಒಂದು ಟೈಮು, ಅದರ ಕೆಳಗೆ ಒಂದು ಟೈಮು, ಅದರ ಕೆಳಗೆ ಇನ್ನೊಂದು. ಟೈಂಕೀಪರ್ ಇಪ್ಪತ್ತರವರೆಗೆ ನೋಡಿದಳು. ಐವತ್ತರ ಹೊತ್ತಿಗೆ ಕನ್ನಡಕ ತೆಗೆದು ಒರೆಸಿಕೊಂಡಳು.

ಟೈಂಕೀಪರ್: ಇದು ಎಷ್ಟನೇ ನಂಬರಿನ ಬಸ್ಸು?

ತಮ್ಮ: ಇದಾ? ಇರಿ... ಮೇಲೆ ಹೋಗ್ಬೇಕು. ನಾಲ್ಕನೇದು. ಅಲ್ಲ, ಐದು.

ಟೈಂಕೀಪರ್: ಈಗ ನಾನು ಎಲ್ಲಿದ್ದೆ?

ತಮ್ಮ: ಅದೇ, ಈಗ ಕೆಳಗೆ ಬರ್ಬೇಕು.

ಟೈಂಕೀಪರ್: ಇದೇನಪ್ಪ, ಬಾವಿಯೊಳಗೆ ಹಗ್ಗ ಬಿಟ್ಟ ಹಾಗಿದೆ. ತಳವೇ ಸಿಗಲ್ಲ. ಮನುಷ್ಯರು ಓದೋ ಥರ ಇಲ್ವಾ?

ಭಾವನ ಮುಖ ನೋಡಬೇಕಿತ್ತು. ಒಂಬತ್ತು ದಿನದಿಂದ ಬಾಡಿದ್ದ ಮುಖ ಹೂವಿನಂತೆ ಅರಳಿತು.

ಭಾವ: ಇತ್ತು ಮೇಡಂ. ಇತ್ತು! ಒಂದು ಬಸ್ಸು, ಒಂದು ಸಾಲು. ಅಂಕಿ ಕೆಳಗೆ ಅಂಕಿ. ಕೈಯಾರೆ ಜೋಡಿಸಿದ್ದೆ. ಇವತ್ತು ಬೆಳಗಿನ ಪ್ರತಿ ನನ್ನ ಹತ್ರ ಇನ್ನೂ ಇದೆ. ಆದ್ರೆ ತಂದು ಹಾಕಿದ್ರೆ ಇವನು ಸೇವ್ ಒತ್ತುತ್ತಾನೆ.

ಅಕ್ಕ: ಆ ಪಟ್ಟಿ ಒಂದನ್ನ ಬಿಟ್ಟು ಉಳಿದಿದ್ದು ಓರಣ ಮಾಡು ಅಂತ ಎಡಿಟರಿಗೆ ಹೇಳೋಕೆ ಆಗಲ್ವೇನೋ?

ತಮ್ಮ: (ಕಾಲಿನ ಹೆಬ್ಬೆರಳು ನೋಡುತ್ತ) ಆಗುತ್ತೆ.

ಅಕ್ಕ: ಏನಂದೆ?

ತಮ್ಮ: ಆಗುತ್ತೆ ಅಂದೆ. ಪಟ್ಟಿಯ ಮೇಲೆ ಒಂದು ಗುರುತು ಹಾಕಿದ್ರೆ ಸಾಕು. ಅದರ ಕೆಳಗಿರೋ ಆ ಒಂದು ತುಂಡನ್ನ ಮುಟ್ಟಲ್ಲ, ಉಳಿದಿದ್ದು ಮಾಡುತ್ತೆ.

ಅಕ್ಕ: ಎಷ್ಟು ಸಾಲು ಬರೀಬೇಕು ಅದಕ್ಕೆ?

ತಮ್ಮ: ಒಂದು.

ಅಕ್ಕ: ಒಂಬತ್ತು ದಿನದಿಂದ ಗೊತ್ತಿತ್ತಾ ನಿನಗೆ?

ತಮ್ಮ: ಇವರು ಕೇಳ್ಲಿ ಅಂತ ಕಾಯ್ತಿದ್ದೆ. ಇವರು ಕೇಳ್ಲಿಲ್ಲ, ಬರೀ ಬೈದ್ರು.

ಭಾವ: ನಾನು ಪ್ರತಿ ಫೈಲಿನ ನೆತ್ತಿಗೆ ಅಂಟಿಸಿದ್ದು ಇನ್ನೇನು ಮತ್ತೆ?

ತಮ್ಮ: ನೆಗಡಿ ಆಗಿರೋನಿಗೆ ಮೈಗೆಲ್ಲ ಪ್ಲಾಸ್ಟರ್ ಹಾಕಿದ್ರಿ ನೀವು. ಮೂಗಿಗೆ ಒಂದು ಕರವಸ್ತ್ರ ಸಾಕಿತ್ತು.

ತಮ್ಮ ಅನುಮಾನ ಪಡುತ್ತಲೇ ಆ ಒಂದು ಸಾಲು ಬರೆದ. ಅದರ ಕೆಳಗೆ ಭಾವ ಹಳೆಯ ಪಟ್ಟಿಯನ್ನು ಎರಡೂ ಕೈಯಿಂದ ಮಗುವನ್ನು ಮಲಗಿಸುವಂತೆ ತಂದಿಟ್ಟರು. ತಮ್ಮ ಸೇವ್ ಒತ್ತಿದ. ಭಾವ ಕಣ್ಣು ಮುಚ್ಚಿಕೊಂಡರು. ಅಕ್ಕನೂ ಉಸಿರು ಹಿಡಿದಳು. ಸುತ್ತಲ ಸಾಲುಗಳೆಲ್ಲ ಒಮ್ಮೆ ಸರಿದಾಡಿ ಕೂತವು. ಪಟ್ಟಿ ಕದಲಲಿಲ್ಲ.

ಟೈಂಕೀಪರ್ ತಲೆಗೂದಲಲ್ಲಿ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಪರದೆಯ ಮೇಲೆ ಒಂದೊಂದೇ ಸಾಲು ಇಳಿಸಿದಳು. ತುಟಿ ಮಾತ್ರ ಅಲುಗುತ್ತಿತ್ತು. ನಲವತ್ತೆರಡು ಸಾಲಿಗೆ ಆರು ನಿಮಿಷ ಹಿಡಿಯಿತೋ ಇಲ್ಲವೋ, ಪೆನ್ಸಿಲ್ ಮೇಲಕ್ಕೆ ಹೋಗಿ ಸಾಯಂಕಾಲದ ಟೈಮುಗಳ ಕಂಬಸಾಲಿನ ನಡುವೆ ನಿಂತಿತು.

ಟೈಂಕೀಪರ್: ಇಲ್ಲಿ ಹಲ್ಲು ಬಿದ್ದಿದೆ.

ಭಾವ: ಎಲ್ಲಿ?

ಟೈಂಕೀಪರ್: ಈ ಕಂಬದಲ್ಲಿ ಎಲ್ಲ ಹದಿನೇಳು, ಹದಿನೇಳು, ಹದಿನೇಳು. ಇಲ್ಲಿ ಮೂರು ಕಡೆ ಬರೀ ಏಳು. ಮುಂದಿನ ‘ಒಂದು’ ಇರೋ ಜಾಗ ಬೊಚ್ಚು. ಹದಿನಾಲ್ಕನೇ ನಂಬರು ಗೊತ್ತಾಯ್ತು. ಹದಿನೈದು, ಹದಿನಾರೂ ಹಾಗೇ ಇದೆ. ಅವೆರಡೂ ನಾಳೆಯಿಂದ ಶುರು ಆಗೋ ಬಸ್ಸು. ನಾಳೆ ಬೆಳಗ್ಗೆ ಇಲ್ಲದ ಮೂರು ಬಸ್ಸಿಗೆ ಜನ ನಿಂತ್ಕೋತಿದ್ರು! ನಾನು ರಾಜೀನಾಮೆ ಕೊಟ್ಟು ಓಡಿಹೋಗ್ತಿದ್ದೆ.

ಭಾವ: (ಎದ್ದು ನಿಂತು) ನೋಡಿದ್ಯೇನೋ! ಯಾವ ಪಟ್ಟಿಯಲ್ಲಿ ಸಿಕ್ತು? ಕೈಯಲ್ಲಿ ಜೋಡಿಸಿದ ಪಟ್ಟಿಯಲ್ಲಿ ಸಿಕ್ತು! ನಿನ್ನ ಬಾವಿಯಲ್ಲಿ ಬಿದ್ದಿದ್ರೆ ಮೂಳೆ ಕೂಡ ಸಿಕ್ತಿರಲಿಲ್ಲ!

ತಮ್ಮ ದಾಖಲೆಯಲ್ಲಿ ಆ ಮೂರು ಅಂಕಿಗಳ ಜಾಡು ಹಿಡಿದು ಹಿಂದೆ ಹಿಂದೆ ಹೋದ. ಹೋಗುತ್ತ ಹೋಗುತ್ತ ಅವನ ತುಟಿಯ ಮೂಲೆ ಮೇಲಕ್ಕೇರಿತು.

ತಮ್ಮ: ಭಾವ, ಮೂರು ದಿನದ ಹಿಂದೆ. ಮಧ್ಯಾಹ್ನ ಹನ್ನೆರಡೂ ಇಪ್ಪತ್ತು. ಪಟ್ಟಿ ನೆಟ್ಟಗೆ ಮಾಡ್ತಾ ನೀವು ಮೂರು ಸಾಲು ಒಟ್ಟಿಗೆ ಹಿಡಿದು, ಒಂದು ಜಾಗ ಹಿಂದೆ ಎಳೆದಿದೀರಿ.

ಭಾವ: ಎಳೆದಿರಬಹುದು. ಅದಕ್ಕೇನು?

ತಮ್ಮ: ಅಳಿಸಿದ್ದು ಜಾಗ ಅಲ್ಲ. ಹದಿನೇಳರ ‘ಒಂದು’.

ಭಾವ ಮೆಲ್ಲಗೆ ಕೂತರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅದನ್ನು ಮೇಲೆ ಸರಿಸಿಕೊಳ್ಳುವುದೂ ಅವರಿಗೆ ಹೊಳೆಯಲಿಲ್ಲ.

ತಮ್ಮ: ಕೈಯಾರೆ ಜೋಡಿಸಿದ್ರಲ್ಲ, ಅದಕ್ಕೇ ಕಳೀತು.

ಭಾವ: ಕೈಯಾರೆ ಜೋಡಿಸಿದ್ದೆನಲ್ಲ, ಅದಕ್ಕೇ ಸಿಕ್ತು.

ತಮ್ಮ: ಎಡಿಟರಿಗೆ ಬಿಟ್ಟಿದ್ರೆ ಕಳೀತಾನೇ ಇರಲಿಲ್ಲ!

ಭಾವ: ಎಡಿಟರಿಗೆ ಬಿಟ್ಟಿದ್ರೆ ಸಿಕ್ತಾನೇ ಇರಲಿಲ್ಲ!

ಟೈಂಕೀಪರ್: ಸ್ವಲ್ಪ ಸುಮ್ನಿರ್ತೀರಾ? ತಪ್ಪು ಯಾರು ಬೇಕಾದ್ರೂ ಮಾಡ್ತಾರೆ. ನಾನೂ ಒಂದ್ಸಲ ಡ್ರೈವರ್ ಇಲ್ಲದ ಬಸ್ಸಿಗೆ ಸೀಟಿ ಊದಿದೀನಿ. ನನಗೆ ಬೇಕಿರೋದು ಅದಲ್ಲ. ಇದನ್ನ ನೋಡಿ, ಸರಿ ಇದೆ, ಬೋರ್ಡಿಗೆ ಹೋಗ್ಲಿ ಅಂದಿದ್ದು ಯಾರು?

ಭಾವ ಹೆಂಡತಿಯ ಮುಖ ನೋಡಿದರು. ತಮ್ಮ ಅಕ್ಕನ ಮುಖ ನೋಡಿದ. ಇಬ್ಬರಿಗೂ ಗೊತ್ತಿತ್ತು.

ತಮ್ಮ: ನಾನೇ ಮೇಡಂ. ನಾನು ನೋಡಿದ್ದು.

ಭಾವ: ಅವನೆಲ್ಲಿ ನೋಡ್ತಾನೆ! ನಾನು ನೋಡಿದ್ದು. ಬರೆದಿದ್ದೂ ನಾನೇ, ನೋಡಿದ್ದೂ ನಾನೇ.

ತಮ್ಮ: ಸುಮ್ನಿರಿ ಭಾವ, ನಾನು ಅಂದ್ನಲ್ಲ.

ಭಾವ: ನೀನು ಸುಮ್ನಿರು. ವಯಸ್ಸಲ್ಲಿ ದೊಡ್ಡೋನು ನಾನು. ತಪ್ಪು ನಂದು.

ತಮ್ಮ: ಎಲ್ಲದರಲ್ಲೂ ನಿಮ್ಮದೇ ನಡೀಬೇಕಾ? ತಪ್ಪೂ ನಿಮ್ಮದೇ ಆಗ್ಬೇಕಾ?

ಅಕ್ಕ: ನಾನು ನೋಡಿದ್ದು ಮೇಡಂ.

ಇಬ್ಬರೂ ಅವಳ ಕಡೆ ತಿರುಗಿದರು.

ಅಕ್ಕ: ನೋಡಿದ್ದು ಅಂದ್ರೆ, ನೋಡಿಲ್ಲ. ದಿನಾ ಎರಡೆರಡು ಸಾವಿರ ಸಾಲು ಬರ್ತಿತ್ತು. ಇವರ ಜಾಗ, ಅವನ ಜಾಗ. ಮೊದಲನೇ ದಿನ ಓದಿದೆ. ಎರಡನೇ ದಿನ ಕಣ್ಣಾಡಿಸಿದೆ. ಆಮೇಲೆ ‘ನೋಡಿದೆ, ಚೆನ್ನಾಗಿದೆ’ ಅಂತ ಬರೆದು ಒತ್ತಿಬಿಡ್ತಿದ್ದೆ. ಇದನ್ನ ಹನ್ನೊಂದು ಸೆಕೆಂಡಲ್ಲಿ ಒಪ್ಪಿದೀನಿ. ದಾಖಲೆಯಲ್ಲಿದೆ. ಇವರಿಬ್ಬರೂ ಕೂಗಾಡಿ ತಪ್ಪು ಮಾಡಿದ್ರು, ನಾನು ಸುಮ್ನಿದ್ದು ಮಾಡಿದೆ. ನಿಮ್ಮ ಮೇಲಿನವರಿಗೆ ನನ್ನ ಹೆಸರೇ ಹೇಳಿ.

ಟೈಂಕೀಪರ್ ಪೆನ್ಸಿಲನ್ನು ಮತ್ತೆ ತಲೆಗೂದಲಿಗೆ ಸಿಕ್ಕಿಸಿದಳು.

ಟೈಂಕೀಪರ್: ನಾನು ದಿನಾ ಬೆಳಗ್ಗೆ ‘ಎಲ್ಲ ಬಸ್ಸು ಪರೀಕ್ಷಿಸಲಾಗಿದೆ’ ಅಂತ ಬರೆದು ಸಹಿ ಹಾಕ್ತೀನಿ. ಅದೂ ಹನ್ನೊಂದೇ ಸೆಕೆಂಡು. ಹಲ್ಲು ಮೂರೂ ಕಟ್ಟಿಸಿ. ಮತ್ತೊಂದ್ಸಲ ಮೇಲಿಂದ ಕೆಳಗೆ ನೋಡ್ತೀನಿ. ಸರಿ ಇದ್ರೆ ಸರಿ ಇದೆ ಅಂತೀನಿ.

ಹದಿನಾಲ್ಕರ ಬಾಯಿಗೆ ಮತ್ತೆ ಹಲ್ಲು ಬಂತು, ಹದಿನೈದಕ್ಕೆ ಬಂತು, ಹದಿನಾರಕ್ಕೂ ಬಂತು. ಪೆನ್ಸಿಲ್ ಇನ್ನೊಮ್ಮೆ ಇಳಿಯಿತು. ಮೂರಕ್ಕೆ ಹತ್ತು ನಿಮಿಷವಿರುವಾಗ ಟೈಂಕೀಪರ್ ಮೇಲಿನವರಿಗೆ ಫೋನು ಮಾಡಿ, ಸೀಟಿಯ ದನಿಯಲ್ಲಿ, “ಕಣ್ಣಾರೆ ನೋಡಿದೀನಿ, ಬೋರ್ಡು ಇರ್ಲಿ” ಎಂದಳು. ಅಕ್ಕ ನೇರವಾಗಿ ತನ್ನ ಕುರ್ಚಿಗೆ ಬಂದು, ಪ್ರಾಜೆಕ್ಟಿನ ಸೆಟಿಂಗು ತೆರೆದಳು.

ಅಕ್ಕ: ಇಬ್ಬರೂ ಕೇಳಿ. ಪಟ್ಟಿ ಭಾವನದು, ಎಡಿಟರ್ ಅದನ್ನ ಮುಟ್ಟಲ್ಲ. ಉಳಿದಿದ್ದೆಲ್ಲ ಎಡಿಟರಿನದು, ಭಾವ ಅದನ್ನ ಮುಟ್ಟಲ್ಲ. ಈ ಸೆಟಿಂಗು ನಂದು, ಇಬ್ಬರೂ ಮುಟ್ಟಲ್ಲ. ಇನ್ನು ಮೇಲೆ ನಾನು ಓದದೇ ಒಂದು ಸಾಲೂ ಹೊರಗೆ ಹೋಗಲ್ಲ.

ಭಾವ: ಆಯ್ತಮ್ಮ. ಆದ್ರೆ ಸಾಲಿನ ತಲೆಗೆ ಎಷ್ಟು ಜಾಗ?

ತಮ್ಮ: ಹೂಂ ಅಕ್ಕ, ಅದೊಂದು ಹೇಳಿಬಿಡು. ಎರಡಾ, ನಾಲ್ಕಾ?

ಅಕ್ಕ: ಮೂರು.

ಒಂಬತ್ತು ದಿನದಲ್ಲಿ ಮೊದಲ ಬಾರಿಗೆ ಭಾವ, ಬಾಮೈದ ಒಂದೇ ದನಿಯಲ್ಲಿ ಮಾತಾಡಿದರು.

ಇಬ್ಬರೂ: ಮೂರಾ?

ಭಾವ: ಮೂರು ಎಲ್ಲಾದ್ರೂ ಉಂಟೇನೇ? ಯಾರಾದ್ರೂ ನೋಡಿದ್ರೆ ನಗ್ತಾರೆ.

ತಮ್ಮ: ಭಾವ ಹೇಳೋದು ಸರಿ ಅಕ್ಕ. ಮೂರು ಅಂದ್ರೆ ಅಸಹ್ಯ. ಅದಕ್ಕಿಂತ ಭಾವನ ನಾಲ್ಕೇ ಇರ್ಲಿ. ನಾನು ಒಪ್ಕೋತೀನಿ.

ಭಾವ: ಛೆ ಛೆ, ನನಗೋಸ್ಕರ ನೀನು ಯಾಕೆ ಬಿಟ್ಕೊಡ್ತೀಯ? ಹುಡುಗನದು ಎರಡೇ ಇರ್ಲಿ ಬಿಡೇ. ನೋಡೋಕೂ ಚೊಕ್ಕ.

ತಮ್ಮ: ಇಲ್ಲ ಭಾವ, ನಾಲ್ಕು ಇದ್ರೆ ಕಣ್ಣಿಗೆ ಆರಾಮ.

ಭಾವ: ಎರಡು ಇದ್ರೆ ಸಾಲು ಮುರಿಯಲ್ಲ ಅಂತ ನೀನೇ ಹೇಳಿದ್ಯಲ್ಲೋ!

ತಮ್ಮ: ನಾನು ಹೇಳಿದ್ದು ತಪ್ಪು ಅಂತ ಈಗ ನಾನೇ ಹೇಳ್ತಿದೀನಿ. ನಾಲ್ಕು!

ಭಾವ: ಎರಡು ಅಂದ್ರೆ ಎರಡು! ಹಿರಿಯರು ಹೇಳಿದ್ರೆ ಕೇಳ್ಬೇಕು!

ತಮ್ಮ: ನಿಮ್ಮ ಮಾತಿಗೆ ಗೌರವ ಕೊಟ್ಟೇ ನಾಲ್ಕು ಅಂತಿರೋದು!

ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ಟೈಂಕೀಪರ್ ಒಂದು ಕಾಲು ಎತ್ತಿ ಹಿಡಿದೇ ತಿರುಗಿ ನಿಂತಳು.

ಟೈಂಕೀಪರ್: ಇದು ಎಷ್ಟೊತ್ತಿಗೆ ಮುಗಿಯುತ್ತಮ್ಮ?

ಅಕ್ಕ ಸೇವ್ ಒತ್ತಿದಳು.

ಅಕ್ಕ: ಇದಕ್ಕೆ ವೇಳಾಪಟ್ಟಿ ಇಲ್ಲ ಮೇಡಂ.